ಲಕ್ಷ್ಮೀಶನ ಬಬ್ರುವಾಹನ, ಬೆಳ್ಳಿತೆರೆಯ ಬಬ್ರುವಾಹನ

ಕಾವ್ಯವೊಂದು ಚಲಚ್ಚಿತ್ರವಾಗಿ ಬಂದಾಗ ನಮ್ಮಲ್ಲಿ ಎರಡು ಬಗೆಯ ತೀರ್ಪುಗಳು ಮೊದಲೇ ಸಿದ್ಧವಾಗಿರುತ್ತವೆ. ಮೂಲವನ್ನು ಕೆಡಿಸಿದರೆಂದು ಪಂಡಿತರು ಕೊರಗುತ್ತಾರೆ. ಚಿತ್ರ ಚೆನ್ನಾಗಿರುವಾಗ ಮೂಲದ ಮಾತೇಕೆಂದು ಪ್ರೇಕ್ಷಕರು ಕೇಳುತ್ತಾರೆ. ಈ ಎರಡು ತೀರ್ಪುಗಳಲ್ಲಿಯೂ ಒಂದೇ ಕೊರತೆಯಿದೆ. ಎರಡೂ ಹೋಲಿಸಿ ನೋಡುವ ಶ್ರಮವನ್ನು ತಪ್ಪಿಸಿಕೊಳ್ಳುತ್ತವೆ. ಕವಿಯು ಯಾವ ಸ್ಥಳದಲ್ಲಿ ಭಾರವಿಟ್ಟನು, ಚಿತ್ರಕಾರನು ಅದನ್ನು ಎತ್ತಿ ಯಾವ ಸ್ಥಳದಲ್ಲಿಟ್ಟನು, ಹಾಗೆ ಮಾಡಿದ್ದರಿಂದ ಕಥೆಯ ನಡಿಗೆ ನೆಟ್ಟಗಾಯಿತೇ ಸೊಟ್ಟಗಾಯಿತೇ ಎಂಬುದನ್ನು ನೋಡದೆ ಒಪ್ಪುವುದೂ ಬಿಡುವುದೂ ಬರಿಯ ಅಭಿರುಚಿಯ ಮಾತಾಗುತ್ತದೆ.

ಇಂಥ ಹೋಲಿಕೆಗೆ ೧೯೭೭ರಲ್ಲಿ ತೆರೆಕಂಡ 'ಬಬ್ರುವಾಹನ'ಕ್ಕಿಂತ ಒಳ್ಳೆಯ ವಸ್ತು ಕನ್ನಡದಲ್ಲಿ ಸಿಕ್ಕುವುದು ಕಷ್ಟ. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ಆ ಚಿತ್ರದಲ್ಲಿ ರಾಜಕುಮಾರರು ಅರ್ಜುನನೂ ಹೌದು, ಬಬ್ರುವಾಹನನೂ ಹೌದು. ಪಾತಾಳ, ಸರ್ಪಲೋಕ, ಸತ್ತವರನ್ನು ಎಬ್ಬಿಸುವ ಮಣಿ, ಇವೆಲ್ಲ ಇರುವುದರಿಂದ ಅದು ಅದ್ಭುತರಸದ ಚಿತ್ರ. ಭಾರತ ಯುದ್ಧ ಮುಗಿದ ಮೇಲಿನ ಪ್ರಸಂಗವನ್ನು ಮುಖ್ಯವಾಗಿ ಹಿಡಿದದ್ದರಿಂದ ಅದು ಉತ್ತರಕಥೆಯ ಚಿತ್ರವೂ ಆಗಿದೆ. ಮುಗಿದ ಕಥೆಗೆ ಮುಂದಿನ ಕಥೆ ಕಟ್ಟುವುದು ಇಂದಿನ ಚಿತ್ರೋದ್ಯಮದ ಹೊಸ ಚಾಳಿ ಎಂದು ತಿಳಿಯುವವರಿದ್ದಾರೆ. ನಮ್ಮ ಸಾಹಿತ್ಯದಲ್ಲಿ ಅದು ಐದುನೂರು ವರ್ಷ ಹಳೆಯದು. ಅದರ ಬೇರು ಇರುವುದು ಗದುಗಿನಲ್ಲಿಯೇ.

ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನು ಒರಗಿ ಕುಳಿತು ಕಾವ್ಯ ರಚಿಸಿದನೆಂಬ ಕಂಬವನ್ನು ಇಂದಿಗೂ ತೋರಿಸುತ್ತಾರೆ. ಕೋಳಿವಾಡದಿಂದ ಬಂದ ಆ ಕವಿ ಹದಿನೆಂಟು ಪರ್ವಗಳ ಭಾರತದಲ್ಲಿ ಹತ್ತನ್ನು ಮಾತ್ರ ಹೇಳಿ, ಗದಾಪರ್ವಕ್ಕೆ ಲೇಖನಿಯನ್ನು ಕೆಳಗಿಟ್ಟನು. ಕೇಳುವವರಿಗೆ ತೃಪ್ತಿಯಾಗಲಿಲ್ಲ, ಮುಂದೇನಾಯಿತು ಎಂಬ ಪ್ರಶ್ನೆ ಉಳಿಯಿತು. ಉಳಿದ ಎಂಟು ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಪೂರೈಸಿದನು. ಅದು ವ್ಯಾಸರ ದಾರಿಯಲ್ಲಿಯೇ ನಡೆದ ಪೂರಣ. ಆದರೆ ಜನ ಹೃದಯಕ್ಕೆ ಹಚ್ಚಿಕೊಂಡದ್ದು ಅದನ್ನಲ್ಲ. ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನು, ವ್ಯಾಸರನ್ನು ಬಿಟ್ಟು ಜೈಮಿನಿಯ ಹೆಸರಿನ ಅಶ್ವಮೇಧ ಕಥೆಯನ್ನು ಹಿಡಿದು, ವಾರ್ಧಕ ಷಟ್ಪದಿಯಲ್ಲಿ ಮೂವತ್ತನಾಲ್ಕು ಸಂಧಿಗಳ ಕಾವ್ಯ ಬರೆದನು. ಮನೆಮನೆಯಲ್ಲಿ ಹೆಂಗಸರು ಮಕ್ಕಳು ಕೂಡ ಕೇಳಿದ್ದು 'ಜೈಮಿನಿ ಭಾರತ'ವನ್ನು. ಉತ್ತರಕಥೆಗೆ ಅಧಿಕೃತತೆಗಿಂತ ಬೇರೊಂದು ಗುಣ ಬೇಕೆಂಬುದು ಇದರಿಂದಲೇ ತಿಳಿಯುತ್ತದೆ.

ತರಗತಿಯಲ್ಲಿ ಜೈಮಿನಿ ಭಾರತದ ಭಾಗವನ್ನು ಓದಿಸುವಾಗ ಪ್ರತಿವರ್ಷವೂ ಒಬ್ಬನಲ್ಲ ಒಬ್ಬ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳುತ್ತಾನೆ. ತಂದೆ ಮಕ್ಕಳು ರಣರಂಗದಲ್ಲಿ ಎದುರುಬದುರು ನಿಂತು ಹಾಡಿನಲ್ಲಿಯೇ ಒಬ್ಬರನ್ನೊಬ್ಬರು ಹಂಗಿಸುತ್ತಾರಲ್ಲ, ಆ ಪದ್ಯಗಳು ಯಾವ ಸಂಧಿಯಲ್ಲಿವೆ? ಅವು ಯಾವ ಸಂಧಿಯಲ್ಲಿಯೂ ಇಲ್ಲವೆಂದರೆ ಅವನ ಮುಖ ಬಾಡುತ್ತದೆ; ಕವಿಯೇ ಏನನ್ನೋ ಬಿಟ್ಟಿರಬೇಕೆಂಬ ಅನುಮಾನ ಅವನ ಕಣ್ಣಿನಲ್ಲಿ ಕಾಣುತ್ತದೆ. ಇದನ್ನು ನಕ್ಕು ಬಿಟ್ಟುಬಿಡುವ ಹಾಗಿಲ್ಲ. ಒಂದು ಚಿತ್ರ ತನ್ನ ಮೂಲಕ್ಕಿಂತ ಹೆಚ್ಚು ಮೂಲವಾಗಿ ನೆಲೆನಿಂತಿದೆ ಎಂದರ್ಥ. ನಾಳೆ ಬಬ್ರುವಾಹನನೆಂದರೆ ಏನೆಂಬುದನ್ನು ಕನ್ನಡಿಗರು ಆ ಚಿತ್ರದಿಂದಲೇ ತಿಳಿಯುವರು. ಆದ್ದರಿಂದ ಅದು ಏನನ್ನು ಉಳಿಸಿತು, ಏನನ್ನು ಕಳೆಯಿತು ಎಂದು ಲೆಕ್ಕ ಹಾಕುವುದು ಪಂಡಿತರ ಹಟವಲ್ಲ, ಅಗತ್ಯ.

*

ಮೊದಲು ಕಥೆಯ ಮೂರು ರೂಪಗಳನ್ನು ನೋಡೋಣ.

ವ್ಯಾಸರಲ್ಲಿ ಕಥೆ ಚಿಕ್ಕದು. ಯಾಗದ ಕುದುರೆಯ ಬೆನ್ನು ಹತ್ತಿದ ಅರ್ಜುನನು ಮಣಿಪುರಕ್ಕೆ ಬರುತ್ತಾನೆ. ಚಿತ್ರಾಂಗದೆಯಲ್ಲಿ ಅವನಿಗೆ ಹುಟ್ಟಿದ ಬಬ್ರುವಾಹನನು ಕಾಣಿಕೆ ಹಿಡಿದು ವಿನಯದಿಂದ ಎದುರುಗೊಳ್ಳುತ್ತಾನೆ. ಕ್ಷತ್ರಿಯನಾಗಿ ಯುದ್ಧ ಮಾಡದೆ ಹೀಗೆ ಬಂದೆಯಾ ಎಂದು ತಂದೆ ಜರೆಯುತ್ತಾನೆ. ಅಷ್ಟರಲ್ಲಿ ಉಲೂಪಿಯು ನೆಲವನ್ನು ಸೀಳಿ ಬಂದು, ಕಾದು ಎಂದು ಮಗನನ್ನು ಹುರಿದುಂಬಿಸುತ್ತಾಳೆ. ಅರ್ಜುನನು ಬೀಳುತ್ತಾನೆ. ಚಿತ್ರಾಂಗದೆ ಗೋಳಾಡುತ್ತಾಳೆ. ಉಲೂಪಿ ನೆನೆದ ಮಾತ್ರಕ್ಕೆ ಮಣಿ ಬರುತ್ತದೆ, ಅರ್ಜುನನು ಏಳುತ್ತಾನೆ. ಭೀಷ್ಮನನ್ನು ಶಿಖಂಡಿಯ ಮರೆಯಿಂದ ಕೊಂದ ಪಾಪಕ್ಕೆ ವಸುಗಳು ಗಂಗೆಯ ಒಪ್ಪಿಗೆ ಪಡೆದು ಶಾಪವಿತ್ತಿದ್ದರೆಂದೂ, ಮಗನ ಕೈಯಲ್ಲಿ ಬಿದ್ದು ಆ ಪಾಪ ತೀರಿತೆಂದೂ ಉಲೂಪಿ ವಿವರಿಸುತ್ತಾಳೆ. ಅಲ್ಲಿ ಅವಳು ಆಡುವ ಒಂದು ಮಾತು ನೆನಪಿನಲ್ಲಿಡತಕ್ಕದ್ದು. ಮಗನೆಂದರೆ ತಾನೇ, ಆದ್ದರಿಂದ ನೀನು ಸೋತದ್ದು ನಿನಗೇ ಹೊರತು ಇನ್ನೊಬ್ಬನಿಗಲ್ಲ ಎಂಬುದು ಅದರ ತಾತ್ಪರ್ಯ.

ಲಕ್ಷ್ಮೀಶನಲ್ಲಿ ಇದೇ ಕಥೆ ಹಬ್ಬಿ ಬೆಳೆದಿದೆ. ಕಾಲಿಗೆರಗಿದ ಮಗನನ್ನು ಅರ್ಜುನನು ಒದೆಯುತ್ತಾನೆ, ಅಭಿಮನ್ಯುವಿನಂಥವನು ನನ್ನ ಮಗ, ನೀನಲ್ಲ ಎನ್ನುತ್ತಾನೆ, ಹುಟ್ಟನ್ನೇ ಶಂಕಿಸುತ್ತಾನೆ. ಯುದ್ಧದಲ್ಲಿ ಕರ್ಣನ ಮಗ ವೃಷಕೇತುವಿನ ತಲೆ ಉರುಳುತ್ತದೆ, ಬಳಿಕ ಅರ್ಜುನನ ತಲೆ. ಈ ಸಾವಿನ ಹಿಂದೆ ನೀಲಧ್ವಜನ ಹೆಂಡತಿ ಜ್ವಾಲೆಯ ಸೇಡಿದೆ. ಅವಳು ಗಂಗೆಯನ್ನು ಕೆರಳಿಸಿ ಶಾಪ ಕೊಡಿಸಿ, ತಾನೇ ಬಾಣವಾಗಿ ಬಬ್ರುವಾಹನನ ಬತ್ತಳಿಕೆಯನ್ನು ಸೇರಿರುತ್ತಾಳೆ. ಮಣಿಯೂ ಇಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ. ಪುಂಡರೀಕನೆಂಬ ನಾಗನು ಪಾತಾಳಕ್ಕೆ ದೂತನಾಗಿ ಹೋಗುತ್ತಾನೆ. ಶೇಷನಿಗೆ ಕೊಡುವ ಮನಸ್ಸಿದ್ದರೂ ಧೃತರಾಷ್ಟ್ರನೆಂಬ ನಾಗನು ಅಡ್ಡ ಬರುತ್ತಾನೆ. ಬಬ್ರುವಾಹನನು ಕಾದಿ ಗೆದ್ದು ಮಣಿಯನ್ನು ತರುವಷ್ಟರಲ್ಲಿ ಅರ್ಜುನನ ತಲೆಯೇ ಕಳುವಾಗಿರುತ್ತದೆ. ಕೊನೆಗೆ ಕೃಷ್ಣನು ಗರುಡನನ್ನೇರಿ ಬಂದು, ತನ್ನ ಬ್ರಹ್ಮಚರ್ಯದ ಮೇಲೆ ಆಣೆಯಿಟ್ಟು ಆ ತಲೆಯನ್ನು ತರಿಸುತ್ತಾನೆ. ಸತ್ತವರು ಏಳುತ್ತಾರೆ. ಲಕ್ಷ್ಮೀಶನಿಗೆ ಇದು ಮೊದಲಿನಿಂದ ಕೊನೆಯವರೆಗೆ ಕೃಷ್ಣನ ಕಥೆ. ವೀರರ ಗರ್ವ ಮುರಿದು ಭಗವಂತನ ಕೃಪೆ ಬೆಳಗುವ ಕಥೆ.

ಚಿತ್ರವು ಇವೆರಡರಿಂದಲೂ ಎತ್ತಿಕೊಂಡಿದೆ, ಜೊತೆಗೆ ಆದಿಪರ್ವದ ತೀರ್ಥಯಾತ್ರೆಯನ್ನೂ ಸೇರಿಸಿಕೊಂಡಿದೆ. ಉಲೂಪಿ, ಚಿತ್ರಾಂಗದೆ, ಸುಭದ್ರೆ, ಹೀಗೆ ಅರ್ಜುನನ ವಿವಾಹಗಳು ಪೂರ್ವಾರ್ಧ. ಮಗನೊಡನೆ ಕಾಳಗ ಉತ್ತರಾರ್ಧ. ನಡುವಿನ ಹದಿನೆಂಟು ದಿನದ ಯುದ್ಧ ತೆರೆಯ ಕಥೆಯ ಅಂಚಿಗೆ ಸರಿದಿದೆ. ವ್ಯಾಸರಲ್ಲಿ ಈ ಎರಡು ತುಂಡುಗಳ ನಡುವೆ ಹದಿಮೂರು ಪರ್ವಗಳ ಅಂತರ. ಅಷ್ಟರಲ್ಲಿ ಓದುಗನು ಚಿತ್ರಾಂಗದೆಯನ್ನು ಮರೆತಿರುತ್ತಾನೆ, ಅರ್ಜುನನೂ ಮರೆತಂತೆಯೇ ಕಾಣುತ್ತಾನೆ. ಚಿತ್ರದಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಮದುವೆಯಾದದ್ದನ್ನು ಕಣ್ಣಾರೆ ಕಂಡ ಪ್ರೇಕ್ಷಕನೇ, ಅದೇ ಗಂಡನು ಆ ಹೆಂಡತಿಯ ಶೀಲವನ್ನು ಹಳಿಯುವುದನ್ನು ಕೇಳಬೇಕಾಗುತ್ತದೆ. ಒಂದು ಹೊಲಿಗೆಯಿಂದ ಕಥೆಯ ಅರ್ಥವೇ ಬದಲಾಗಿರುವುದನ್ನು ಗಮನಿಸಬೇಕು. ಮರೆವು ಎಂದು ಮನ್ನಿಸಬಹುದಾಗಿದ್ದ ಮಾತು ಇಲ್ಲಿ ಅಪರಾಧವಾಗುತ್ತದೆ.

*

ಈ ಬಗೆಯ ಬದಲಾವಣೆಯನ್ನು ತೂಗುವುದಕ್ಕೆ ಹೊರದೇಶದ ಒಂದು ಉದಾಹರಣೆ ನೆರವಾದೀತು. ಜರ್ಮನಿಯ ಲೇಖಕ ಮಿಖಾಯೆಲ್ ಎಂಡೆ ೧೯೭೯ರಲ್ಲಿ 'ಮುಗಿಯದ ಕಥೆ' ಎಂಬ ಅರ್ಥದ ಹೆಸರಿನ ಅದ್ಭುತ ಕಾದಂಬರಿಯನ್ನು ಪ್ರಕಟಿಸಿದನು. ೧೯೮೪ರ ಚಿತ್ರ ಅದರ ಪೂರ್ವಾರ್ಧವನ್ನು ಮಾತ್ರ ಬಳಸಿತು. ಉತ್ತರಾರ್ಧದ ಕೆಲವು ಅಂಶಗಳನ್ನು ತೆಗೆದುಕೊಂಡು ೧೯೯೦ರಲ್ಲಿ ಎರಡನೆಯ ಚಿತ್ರ ಬಂದಿತು. ಕಾದಂಬರಿಯಲ್ಲಿ ಬಾಸ್ಟಿಯನ್ ಎಂಬ ಹುಡುಗನಿಗೆ ಕಲ್ಪನಾಲೋಕದಲ್ಲಿ ಬಯಸಿದ್ದೆಲ್ಲ ಆಗುತ್ತದೆ. ಆದರೆ ಒಂದೊಂದು ಬಯಕೆಗೂ ಅವನ ಒಂದೊಂದು ನೆನಪು ಅಳಿಯುತ್ತದೆ. ಇದು ಆ ಲೋಕದ ನಿಯಮ. ಯಾರೂ ಹೂಡಿದ ಸಂಚಲ್ಲ. ಹುಡುಗನು ಗರ್ವದಿಂದ ಕೆಡುತ್ತಾನೆ, ಗೆಳೆಯನನ್ನೇ ಗಾಯಗೊಳಿಸುತ್ತಾನೆ. ಚಿತ್ರದಲ್ಲಾದರೋ ನೆನಪುಗಳನ್ನು ಕದಿಯುವುದು ಒಬ್ಬ ಮಾಟಗಾತಿಯ ಯಂತ್ರ. ನಾಯಕನ ಒಳಗಿದ್ದ ದೋಷ ಹೊರಗಿನ ದುಷ್ಟಳ ತಂತ್ರವಾಗಿಬಿಟ್ಟಿತು. ನೋಟ ಸುಲಭವಾಯಿತು, ಕಥೆ ಹಗುರಾಯಿತು.

ಅದ್ಭುತಕಥೆಯನ್ನು ತೆರೆಗೆ ತರುವವರಿಗೆ ಇದು ದೊಡ್ಡ ಪ್ರಲೋಭನೆ. ಒಳಗಿನದನ್ನು ಕ್ಯಾಮರಾ ಹಿಡಿಯಲಾರದು. ಆದ್ದರಿಂದ ಅದನ್ನು ಹೊರಗೆ ಎಳೆದು ಒಬ್ಬ ಖಳನ ಕೈಗೆ ಕೊಟ್ಟುಬಿಡುವುದು ಸುಲಭದ ದಾರಿ. ಹುಣಸೂರರಿಗೆ ಈ ದಾರಿ ತೆರೆದೇ ಇತ್ತು. ಲಕ್ಷ್ಮೀಶನ ಜ್ವಾಲೆ ಇದ್ದಳು, ಶಾಪವಿತ್ತು, ಬೆಂಕಿಯ ಬಾಣವಿತ್ತು. ಎಲ್ಲ ಹೊರೆಯನ್ನೂ ಅವುಗಳ ಮೇಲೆ ಹೊರಿಸಿ ಅರ್ಜುನನನ್ನು ನಿರ್ದೋಷಿಯನ್ನಾಗಿ ಬಿಡಬಹುದಾಗಿತ್ತು. ಆದರೆ ಚಿತ್ರದ ಭಾರ ಬಿದ್ದದ್ದು ಶಾಪದ ಮೇಲಲ್ಲ, ಅರ್ಜುನನ ನಾಲಗೆಯ ಮೇಲೆ. ತಾಯಿಯನ್ನು ಹಾದರಗಿತ್ತಿಯೆಂದ ಮಾತು ಕಿವಿಗೆ ಬಿದ್ದೊಡನೆ, ಅದುವರೆಗೆ ತಲೆಬಾಗಿ ನಿಂತಿದ್ದ ಮಗ ತಲೆಯೆತ್ತುತ್ತಾನೆ. ಅಲ್ಲಿಂದ ಮುಂದೆ ಯಾವ ದೇವತೆಯ ಪ್ರೇರಣೆಯೂ ಬೇಕಾಗುವುದಿಲ್ಲ. ಕಾರಣಕಾರ್ಯಗಳು ಮನುಷ್ಯರ ನಡುವೆಯೇ ಇವೆ.

ಇಷ್ಟರ ಮಟ್ಟಿಗೆ ಚಿತ್ರವು ಲಕ್ಷ್ಮೀಶನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆಯೆಂದು ಹೇಳಲು ನನಗೆ ಸಂಕೋಚವಿಲ್ಲ. ಕಾವ್ಯದಲ್ಲಿ ಅರ್ಜುನನು ಸಾಯುವುದು ಗಂಗೆಗೆ ಮಾಡಿದ ಅಪರಾಧಕ್ಕಾಗಿ. ಚಿತ್ರಾಂಗದೆಗೆ ಆಡಿದ ಮಾತಿಗೆ ಅಲ್ಲಿ ಪ್ರತ್ಯೇಕವಾದ ನ್ಯಾಯವಿಲ್ಲ. ಅದು ಯುದ್ಧಕ್ಕೆ ಒಂದು ನೆಪವಾಗಿ ಒದಗಿ ಹಿಂದೆ ಸರಿಯುತ್ತದೆ. ಚಿತ್ರದಲ್ಲಿ ಆ ಮಾತೇ ಬಾಣವಾಗಿ ತಿರುಗಿ ಬರುತ್ತದೆ. ಬಿ. ಸರೋಜಾದೇವಿಯವರ ಚಿತ್ರಾಂಗದೆಯೂ ಕಾಂಚನಾ ಅವರ ಉಲೂಪಿಯೂ ಪ್ರೇಕ್ಷಕರ ಮನಸ್ಸಿನಲ್ಲಿ ನಿಂತದ್ದಕ್ಕೆ ಬೆಡಗಿನ ಉಡುಗೆತೊಡುಗೆ ಮಾತ್ರ ಕಾರಣವಲ್ಲ. ಕಥೆಯ ತೂಕ ಅವರ ಕಡೆಗೆ ವಾಲಿದೆ.

*

ಇನ್ನು ದ್ವಿಪಾತ್ರದ ವಿಚಾರ. ಒಬ್ಬನೇ ನಟನು ಎರಡು ಪಾತ್ರ ವಹಿಸುವುದು ಗಲ್ಲಾಪೆಟ್ಟಿಗೆಯ ಉಪಾಯವೆಂದು ನಮ್ಮ ವಿಮರ್ಶಕರು ಮೂಗು ಮುರಿಯುವುದುಂಟು. ಬಹುಪಾಲು ಚಿತ್ರಗಳ ಮಟ್ಟಿಗೆ ಅದು ನಿಜವೂ ಹೌದು. ಇಲ್ಲಿ ಮಾತ್ರ ಆ ಉಪಾಯ ಅರ್ಥಕ್ಕೆ ಒದಗಿದೆ. ಸೋತದ್ದು ನಿನಗೇ ಎಂಬ ವ್ಯಾಸರ ಉಲೂಪಿಯ ಮಾತನ್ನು ನೆನೆದು ಆ ಕಾಳಗದ ದೃಶ್ಯವನ್ನು ನೋಡಬೇಕು. ಎರಡು ರಥಗಳಲ್ಲಿ ಒಂದೇ ಮುಖ. ಒಂದರಲ್ಲಿ ಗೆದ್ದು ಗೆದ್ದು ಬಿಗಿದ ಕಣ್ಣು, ಇನ್ನೊಂದರಲ್ಲಿ ಈಗ ತಾನೇ ಗಾಯಗೊಂಡ ಕಣ್ಣು. ವ್ಯಾಖ್ಯಾನ ಬರೆಯುವವನು ಪುಟಗಟ್ಟಲೆ ವಿವರಿಸಬೇಕಾದದ್ದನ್ನು ತೆರೆ ಒಂದು ನೋಟದಲ್ಲಿ ತಿಳಿಸಿದೆ. ನಿರ್ದೇಶಕರು ಸಂಸ್ಕೃತ ಶ್ಲೋಕವನ್ನು ಮುಂದಿಟ್ಟುಕೊಂಡು ಹೀಗೆ ಮಾಡಿದರೆಂದು ನನ್ನ ವಾದವಲ್ಲ. ಒಳ್ಳೆಯ ಕಥೆಯನ್ನು ಶ್ರದ್ಧೆಯಿಂದ ಹಿಡಿದವನ ಕೈಗೆ ಕಥೆಯೇ ತನ್ನ ಗುಟ್ಟನ್ನು ಕೊಡುತ್ತದೆ.

ಧ್ವನಿಯ ಏರ್ಪಾಡು ಇನ್ನೂ ಸೂಕ್ಷ್ಮವಾದದ್ದು. ಟಿ. ಜಿ. ಲಿಂಗಪ್ಪನವರ ಸಂಗೀತದಲ್ಲಿ ಆ ಜಗಳದ ಹಾಡಿಗೆ ಬಬ್ರುವಾಹನನ ಕಂಠ ರಾಜಕುಮಾರರದೇ. ಅರ್ಜುನನ ಕಂಠ, ಅದುವರೆಗೆ ಎಷ್ಟೋ ವರ್ಷ ರಾಜಕುಮಾರರಿಗಾಗಿ ಹಾಡಿದ್ದ ಪಿ. ಬಿ. ಶ್ರೀನಿವಾಸರದು. ಮುಖ ಒಂದು, ದನಿ ಎರಡು. ನಟನ ಹಳೆಯ ದನಿ ತಂದೆಯದಾಯಿತು, ಸ್ವಂತ ದನಿ ಮಗನದಾಯಿತು. ಬೇಕೆಂದು ಮಾಡಿದ್ದೋ ಅನುಕೂಲಕ್ಕಾಗಿ ಆದದ್ದೋ, ಕೇಳುವವನಿಗೆ ಆಗುವ ಪರಿಣಾಮ ಮಾತ್ರ ಖಚಿತ. ಮಗನ ಪಕ್ಷದಲ್ಲಿ ನಿಲ್ಲುವಂತೆ ಕಿವಿಯೇ ನಮ್ಮನ್ನು ಒಲಿಸುತ್ತದೆ.

ರಣರಂಗದಲ್ಲಿ ನಿಂತು ಹಾಡುವುದು ಅಸಹಜವೆಂದು ಆಧುನಿಕರು ಆಕ್ಷೇಪಿಸಬಹುದು. ಅವರು ನಮ್ಮ ಭಾಗದ ರಂಗಭೂಮಿಯನ್ನು ಸ್ವಲ್ಪ ನೆನೆಯಬೇಕು. ಗದುಗಿನ ಹಳೆಯ ಹೆಸರಿನಿಂದ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ, ಶಾಂತಕವಿಗಳು ಕನ್ನಡ ನಾಟಕಕ್ಕೆ ಜೀವ ತುಂಬಿದ್ದು ೧೮೭೦ರ ದಶಕದಲ್ಲಿ. ಆಮೇಲೆ ಶಿರಹಟ್ಟಿ ವೆಂಕೋಬರಾಯರ ಕಂಪನಿ ಬಂದಿತು, ಗರುಡ ಸದಾಶಿವರಾಯರ ಕಂಪನಿ ಬಂದಿತು. ಪಂಚಾಕ್ಷರಿ ಗವಾಯಿಗಳ ಆಶ್ರಮದಿಂದಲೂ ನಾಟಕ ಮಂಡಳಿ ಹೊರಟಿತು. ಮುಂಡರಗಿಯ ಸುತ್ತಿನ ಹಳ್ಳಿಗಳಲ್ಲಿ ದೊಡ್ಡಾಟದ ವೇಷಗಳು ಬೆಳತನಕ ಕುಣಿದವು. ಅಲ್ಲೆಲ್ಲ ವೀರನು ಸಿಟ್ಟಾದಾಗ ಹಾಡಿಯೇ ಸಿಟ್ಟಾಗುತ್ತಾನೆ. ಒಂದು ಪದ, ಅದರ ಮೇಲೆ ಮಾತು, ಮತ್ತೆ ಎದುರಾಳಿಯ ಪದ. ಕರಾವಳಿಯ ಯಕ್ಷಗಾನದಲ್ಲಿ ಬಬ್ರುವಾಹನ ಕಾಳಗವೆಂಬ ಪ್ರಸಂಗವೇ ಇದೆ. ರಾಜಕುಮಾರರು ಗುಬ್ಬಿ ಕಂಪನಿಯಲ್ಲಿ ಪಳಗಿ ಬಂದವರು. ಹೀಗಾಗಿ ನನ್ನ ವಿದ್ಯಾರ್ಥಿ ಹುಡುಕುವ ಆ ಪದ್ಯಗಳು ಲಕ್ಷ್ಮೀಶನ ಓಲೆಗರಿಯಲ್ಲಿಲ್ಲ, ನೂರು ವರ್ಷದ ನಮ್ಮ ರಂಗಮಂಚದಲ್ಲಿವೆ. ಚಿತ್ರಕ್ಕೆ ಮೂಲಗಳು ಎರಡು: ಒಂದು ಓದುವ ಕಾವ್ಯ, ಇನ್ನೊಂದು ಆಡುವ ಕಾವ್ಯ. ಎರಡನೆಯದರ ಋಣವನ್ನು ನಾವು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

*

ಹೊಗಳಿಕೆ ಇಷ್ಟಾಯಿತು. ಇನ್ನು ಕಳೆದುಹೋದದ್ದನ್ನು ಹೇಳಬೇಕು, ಅದೂ ಸಣ್ಣದಲ್ಲ.

ಲಕ್ಷ್ಮೀಶನ ಕಾವ್ಯದಲ್ಲಿ ಬಬ್ರುವಾಹನನ ಯುದ್ಧ ನಡೆಯುತ್ತಿರುವಾಗ ಜೈಮಿನಿಯು ಹಿಂದೆ ರಾಮನಿಗೂ ಕುಶನಿಗೂ ನಡೆದ ಕಾಳಗದ ಹೋಲಿಕೆ ತರುತ್ತಾನೆ. ಅದೆಂತು ಎಂದು ಜನಮೇಜಯ ಕೇಳುತ್ತಾನೆ. ಅಲ್ಲಿಂದ ಕುಶಲವರ ಕಥೆ ತೆರೆದುಕೊಳ್ಳುತ್ತದೆ. ಸೀತೆಯನ್ನು ಕಾಡಿಗೆ ಬಿಟ್ಟುಬರುವ ಆ ಭಾಗ ಕನ್ನಡದ ಕರುಣರಸದ ಉತ್ಕೃಷ್ಟ ನಿದರ್ಶನಗಳಲ್ಲಿ ಒಂದೆಂದು ಎಲ್ಲರೂ ಒಪ್ಪುತ್ತಾರೆ. ಪಠ್ಯಪುಸ್ತಕಗಳ ಮೂಲಕವಾದರೂ ಅದನ್ನು ಓದದ ಕನ್ನಡಿಗರು ಕಡಿಮೆ. ಆದರೆ ಅದನ್ನು ಬಿಡಿಯಾಗಿ ಓದುವ ಅಭ್ಯಾಸದಿಂದ ನಾವೊಂದು ಸಂಗತಿಯನ್ನು ಮರೆತಿದ್ದೇವೆ. ಕವಿಯು ಅದನ್ನು ಇಟ್ಟಿರುವ ಜಾಗ ಯಾವುದು? ತಂದೆಯೊಬ್ಬನು ಮಗನನ್ನು ಒದೆದು ತಾಯಿಯನ್ನು ಶಂಕಿಸಿದ ಕಥೆಯ ನಟ್ಟನಡುವೆ. ಚಿತ್ರಾಂಗದೆಯ ಅವಮಾನದ ಬಗೆಗೆ ಕವಿ ನೇರವಾಗಿ ಹೆಚ್ಚು ಹೇಳುವುದಿಲ್ಲ. ಅದರ ಪಕ್ಕದಲ್ಲಿ ಸೀತೆಯನ್ನು ತಂದು ನಿಲ್ಲಿಸುತ್ತಾನೆ. ಶಂಕೆಗೆ ಗುರಿಯಾದ ಇಬ್ಬರು ಹೆಂಗಸರು, ತಂದೆಯನ್ನು ಅರಿಯದೆ ಬೆಳೆದ ಮಕ್ಕಳು, ಯಾಗದ ಎರಡು ಕುದುರೆಗಳು. ರಾಮನಂಥ ರಾಮನೇ ಮಗನೆದುರು ಸೋತನು, ಅರ್ಜುನನ ಪಾಡೇನು ಎಂಬ ಧ್ವನಿ ಕಾವ್ಯದ ತುಂಬ ಮೊಳಗುತ್ತದೆ. ತಾಯಿಗೆ ಪ್ರತ್ಯೇಕ ನ್ಯಾಯವಿಲ್ಲವೆಂದು ಮೇಲೆ ಹೇಳಿದೆನಷ್ಟೆ. ಕಥೆಯ ಘಟನೆಯಲ್ಲಿ ಇಲ್ಲದ ನ್ಯಾಯವನ್ನು ಕವಿ ಕಥೆಯ ಕಟ್ಟಡದಲ್ಲಿ ಒದಗಿಸಿದ್ದಾನೆ.

ಎರಡೂವರೆ ಮೂರು ತಾಸಿನ ಚಿತ್ರದಲ್ಲಿ ಇನ್ನೊಂದು ರಾಮಾಯಣವನ್ನು ಹೊಗಿಸುವುದು ಸಾಧ್ಯವಿಲ್ಲವೆಂಬುದು ಸರಿಯೆ. ಆದರೂ ಫಲಿತಾಂಶವನ್ನು ನೋಡಿ. ಚಿತ್ರದಲ್ಲಿ ಇದು ಒಂದು ಕುಟುಂಬದ ಜಗಳವಾಗಿ ಉಳಿದಿದೆ. ಕಾವ್ಯದಲ್ಲಿ ಇದು ರಾಜರೆಲ್ಲರ, ಗಂಡಸರೆಲ್ಲರ ಮೇಲಿನ ಆರೋಪವಾಗಿ ಹರಡಿಕೊಂಡಿದೆ. ಅದ್ಭುತರಸದ ಚಿತ್ರಕ್ಕೆ ಪಾತಾಳದವರೆಗೆ ಇಳಿಯುವ ಶಕ್ತಿಯಿತ್ತು, ಪಕ್ಕದ ಯುಗಕ್ಕೆ ಹೋಗುವ ಶಕ್ತಿಯಿರಲಿಲ್ಲ.

ಎರಡನೆಯ ಕೊರತೆ ಕೊನೆಯದು, ಮಣಿಯದು. ಪಾರಸಿಕ ಮಹಾಕವಿ ಫಿರ್ದೌಸಿಯ 'ಷಾನಾಮೆ'ಯಲ್ಲಿಯೂ ತಂದೆ ಮಕ್ಕಳ ಕಾಳಗವಿದೆ. ಅಲ್ಲಿ ರುಸ್ತುಮನು ಗುರುತರಿಯದೆ ಮಗ ಸೊಹ್ರಾಬನನ್ನು ಇರಿಯುತ್ತಾನೆ. ಗುರುತು ತಿಳಿದ ಮೇಲೆ, ಜೀವ ಉಳಿಸುವ ಔಷಧವನ್ನು ದೊರೆಯಲ್ಲಿ ಬೇಡುತ್ತಾನೆ. ದೊರೆ ಕೊಡುವುದಿಲ್ಲ, ಮಗ ಸಾಯುತ್ತಾನೆ. ನಮ್ಮ ಕಥೆಯ ನಾಗ ಧೃತರಾಷ್ಟ್ರನಿಗೂ ಆ ದೊರೆಗೂ ಎಷ್ಟು ಹತ್ತಿರದ ನಂಟು! ಆದರೆ ಅಲ್ಲಿ ಔಷಧ ಬರುವುದಿಲ್ಲ, ಇಲ್ಲಿ ಮಣಿ ಬರುತ್ತದೆ. ಅಲ್ಲಿಯದು ದುರಂತ, ಇಲ್ಲಿಯದು ಮಂಗಳ. ಮಂಗಳಾಂತ್ಯ ಕೀಳೆಂದು ನಾನು ಹೇಳುವವನಲ್ಲ. ಲಕ್ಷ್ಮೀಶನು ಆ ಮಂಗಳವನ್ನು ಬೆಲೆ ತೆತ್ತು ಕೊಂಡಿದ್ದಾನೆ. ದೂತ ಹೋಗಬೇಕು, ಯುದ್ಧವಾಗಬೇಕು, ತಲೆ ಕಳುವಾಗಬೇಕು, ಕೊಂದ ಮಗನು ಬದುಕಿಸುವ ಮಗನಾಗಬೇಕು. ಅಷ್ಟಾದರೂ ಮಣಿಯೊಂದೇ ಸಾಲದು, ಕೃಷ್ಣನು ತನ್ನ ಸತ್ಯವನ್ನೇ ಪಣಕ್ಕಿಡಬೇಕು. ಸತ್ತವರು ಬದುಕಿ ಬರುವುದು ಸುಲಭವಲ್ಲವೆಂದು ಕವಿಗೆ ಗೊತ್ತು.

ಚಿತ್ರವಾದರೋ ಅಷ್ಟು ಹೊತ್ತು ಮನುಷ್ಯರ ನಡುವೆಯೇ ಕಾರಣಗಳನ್ನು ಹುಡುಕಿ ನಡೆದು, ಕೊನೆಗೆ ಪವಾಡದ ಕೈ ಹಿಡಿಯುತ್ತದೆ. ಅರ್ಜುನನು ಸತ್ತದ್ದು ಶಾಪದಿಂದಾದರೆ ಮಣಿಯಿಂದ ಏಳಬಹುದು, ಲೆಕ್ಕ ಸರಿಹೋಗುತ್ತದೆ. ಆದರೆ ಅವನು ಸತ್ತದ್ದು ತಾನಾಡಿದ ಮಾತಿನಿಂದ ಎಂದು ತೋರಿಸಿದ ಮೇಲೆ, ಮಣಿಯು ದೇಹವನ್ನು ಎಬ್ಬಿಸೀತೇ ಹೊರತು ಮಾತನ್ನು ಹಿಂದಕ್ಕೆ ಕರೆದೀತೇ? ಎದ್ದ ಅರ್ಜುನನು ಚಿತ್ರಾಂಗದೆಗೆ ಏನು ಹೇಳಬೇಕು, ಅವಳು ಅದನ್ನು ಹೇಗೆ ಕೇಳಬೇಕು ಎಂಬುದೇ ಆ ಚಿತ್ರಕ್ಕೆ ನಿಜವಾದ ಕೊನೆಯ ದೃಶ್ಯವಾಗಬೇಕಿತ್ತು. ಮಂಗಳದ ಆತುರದಲ್ಲಿ ಅದಕ್ಕೆ ತಕ್ಕಷ್ಟು ಹೊತ್ತು ದೊರೆತಿಲ್ಲ. ಚಿತ್ರವು ತಾನೇ ಎತ್ತಿದ ಪ್ರಶ್ನೆಗೆ ಕಾವ್ಯದ ಉತ್ತರವನ್ನು ಎರವಲು ತಂದುಕೊಂಡಿದೆ. ಆ ಉತ್ತರ ಬೇರೆ ಪ್ರಶ್ನೆಗೆ ಸಂದದ್ದು.

*

ಕನ್ನಡದ ಅರ್ಜುನನ ಚರಿತ್ರೆಯನ್ನೇ ಒಮ್ಮೆ ಕಣ್ಣಮುಂದೆ ತಂದುಕೊಂಡರೆ ಈ ಚಿತ್ರದ ಸ್ಥಾನ ಸ್ಪಷ್ಟವಾದೀತು. ಹತ್ತನೆಯ ಶತಮಾನದಲ್ಲಿ ಪಂಪನು ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು, ಅವನನ್ನೇ ಭಾರತದ ನಾಯಕನನ್ನಾಗಿ ಮಾಡಿ, ಕೊನೆಗೆ ಸುಭದ್ರೆಯೊಡನೆ ಪಟ್ಟಕ್ಕೆ ಕೂರಿಸಿದನು. ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಅವನು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಆ ಪುಲಿಗೆರೆಯೇ ಇಂದಿನ ನಮ್ಮ ಲಕ್ಷ್ಮೇಶ್ವರ. ಹದಿನೈದನೆಯ ಶತಮಾನಕ್ಕೆ ಗದುಗಿನಲ್ಲಿ ಕುಮಾರವ್ಯಾಸನು ಅರ್ಜುನನನ್ನು ಪಟ್ಟದಿಂದ ಇಳಿಸಿ ಕೃಷ್ಣನನ್ನು ಏರಿಸಿದನು. ತಾನು ಹೇಳುತ್ತಿರುವುದು ಕೃಷ್ಣನ ಕಥೆಯೆಂದು ಮೊದಲೇ ಸಾರಿದನು. ಲಕ್ಷ್ಮೀಶನು ಇನ್ನೂ ಮುಂದೆ ಹೋಗಿ ಅರ್ಜುನನ ತಲೆಯನ್ನೇ ಉರುಳಿಸಿದನು. ಪುಲಿಗೆರೆಯ ಕನ್ನಡದಲ್ಲಿ ಕಿರೀಟ ತೊಟ್ಟ ತಲೆ ದೇವನೂರಿನ ಕನ್ನಡದಲ್ಲಿ ಮಣಿಪುರದ ಮಣ್ಣಿಗೆ ಬಿತ್ತು. ಈ ಇಳಿಜಾರಿನ ಕೊನೆಯ ಮೆಟ್ಟಿಲು ೧೯೭೭ರ ಚಿತ್ರ. ಅಲ್ಲಿ ಅರ್ಜುನನನ್ನು ಇಳಿಸಿದ್ದು ದೇವರ ಮಹಿಮೆಗಾಗಿಯೂ ಅಲ್ಲ, ಒಬ್ಬ ತಾಯಿಯ ಮಾನಕ್ಕಾಗಿ.

ಹೀಗೆ ನೋಡಿದರೆ ಚಿತ್ರವು ಮೂಲಕ್ಕೆ ನಿಷ್ಠವೇ ಅಲ್ಲವೇ ಎಂಬ ಪ್ರಶ್ನೆ ತನ್ನ ಮೊನೆಯನ್ನು ಕಳೆದುಕೊಳ್ಳುತ್ತದೆ. ಲಕ್ಷ್ಮೀಶನು ವ್ಯಾಸರಿಗೆ ನಿಷ್ಠನಾಗಿರಲಿಲ್ಲ. ಪಂಪನಂತೂ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದವನು. ನಮ್ಮಲ್ಲಿ ಭಾರತವನ್ನು ಹೇಳಿದವರೆಲ್ಲ ತಿರುಗಿಸಿಯೇ ಹೇಳಿದ್ದಾರೆ. ಅವರಲ್ಲಿ ಹೆಚ್ಚಿನವರು ತಿರುಗಿಸಿದ ದಾರಿಯಲ್ಲಿ ಕೊನೆಯವರೆಗೆ ನಡೆದರು; ಹುಣಸೂರರ ಚಿತ್ರ ಮುಕ್ಕಾಲು ದಾರಿ ನಡೆದು, ಉಳಿದ ಕಾಲುಭಾಗಕ್ಕೆ ಹಳೆಯ ಪಲ್ಲಕ್ಕಿಯನ್ನು ಏರಿತು. ಮುಕ್ಕಾಲು ದಾರಿ ಸ್ವಂತ ಕಾಲಿನಿಂದ ನಡೆದ ಪೌರಾಣಿಕ ಚಿತ್ರಗಳೂ ನಮ್ಮಲ್ಲಿ ಬಹಳವಿಲ್ಲವೆಂಬುದನ್ನು ಮರೆಯಬಾರದು.

ಓದುಗರಲ್ಲಿ ನನ್ನದೊಂದು ಸೂಚನೆಯಿದೆ. ಮನೆಯಲ್ಲಿ ಮಕ್ಕಳು ಆ ಚಿತ್ರವನ್ನು ದೂರದರ್ಶನದಲ್ಲಿಯೋ ಕೈಯೊಳಗಿನ ಫೋನಿನಲ್ಲಿಯೋ ನೋಡುತ್ತಿದ್ದರೆ ತಡೆಯಬೇಡಿ. ನೋಡಿ ಮುಗಿದ ಮೇಲೆ ಜೈಮಿನಿ ಭಾರತದ ಕುಶಲವರ ಕಥೆಯನ್ನು ಅವರಿಗೆ ಓದಿ ಹೇಳಿರಿ. ಗಮಕ ಬಲ್ಲವರು ಹತ್ತಿರದಲ್ಲಿದ್ದರೆ ಅವರಿಂದ ಓದಿಸಿದರೆ ಇನ್ನೂ ಲೇಸು. ಈ ರಾಮನ ಕಥೆ ಅರ್ಜುನನ ಕಥೆಯೊಳಗೆ ಯಾಕೆ ಬಂತು ಎಂದು ಮಗು ಕೇಳಿದರೆ, ಅಷ್ಟಕ್ಕೆ ಲಕ್ಷ್ಮೀಶನ ಕೆಲಸವೂ ಆಯಿತು, ಚಿತ್ರದ ಕೆಲಸವೂ ಆಯಿತು.